ರ‍್ಯಾಂಪ್ ಇದ್ದರೆ ಸಾಲದು, ಟೇಪ್ ಹಿಡಿದು ಅಳೆಯಿರಿ: ದೂರು ಕೊಡುವುದು ಹೀಗೆ

ಕಾರವಾರದಿಂದ ಭಟ್ಕಳದವರೆಗೆ, ಘಟ್ಟ ಹತ್ತಿದರೆ ಶಿರಸಿ, ಸಿದ್ದಾಪುರದ ಕಡೆಗೂ, ಕಟ್ಟಡಗಳ ಪಾಯವನ್ನು ಎತ್ತರಿಸಿಯೇ ಕಟ್ಟುತ್ತಾರೆ. ನಮ್ಮ ಮಳೆಗೆ ಅದು ಬೇಕು. ಆದರೆ ಪಂಚಾಯ್ತಿ ಕಚೇರಿ, ಬ್ಯಾಂಕು, ಶಾಲೆ, ದೇವಸ್ಥಾನ ಎಲ್ಲಿಗೆ ಹೋದರೂ ನಾಲ್ಕೈದು ಮೆಟ್ಟಿಲು ಎದುರಿಗೆ ಬರುತ್ತವೆ. ಗಾಲಿಕುರ್ಚಿಯಲ್ಲಿ ಬಂದವರು ಅಲ್ಲೇ ನಿಲ್ಲಬೇಕು. ನಾಲ್ಕು ಜನ ಸೇರಿ ಎತ್ತಿಕೊಂಡು ಹೋಗುವುದು ಸಹಾಯ ಇರಬಹುದು, ಪರಿಹಾರ ಅಲ್ಲ. ತನ್ನ ಪಿಂಚಣಿ ಕೇಳಲು ಬಂದ ಮನುಷ್ಯ ಬೇರೆಯವರ ಹೆಗಲ ಮೇಲೆ ಯಾಕೆ ಹೋಗಬೇಕು?

ಕಾನೂನು ಈ ಮಾತನ್ನು ಸ್ಪಷ್ಟವಾಗಿ ಹೇಳಿದೆ. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 2016ರದ್ದು. ಜಾರಿಯಾಗಿದ್ದು 2017ರ ಏಪ್ರಿಲ್ 19ರಿಂದ. ಅದರ ನಿಯಮಗಳು ಅದೇ ವರ್ಷ ಜೂನ್ 15ಕ್ಕೆ ಬಂದವು. ಹಳೆಯ ಸಾರ್ವಜನಿಕ ಕಟ್ಟಡಗಳನ್ನು ಐದು ವರ್ಷದೊಳಗೆ ಎಲ್ಲರೂ ಬಳಸುವಂತೆ ಸರಿಪಡಿಸಬೇಕು ಎನ್ನುತ್ತದೆ ಕಲಂ 45. ಆ ಐದು ವರ್ಷ 2022ರ ಜೂನ್‌ಗೇ ಮುಗಿಯಿತು.

ಸಾರ್ವಜನಿಕ ಕಟ್ಟಡ ಅಂದರೆ ಸರ್ಕಾರಿ ಕಟ್ಟಡ ಮಾತ್ರ ಅಂತ ತುಂಬ ಜನ ತಿಳಿದಿದ್ದಾರೆ. ಹಾಗಲ್ಲ. ಜನ ಬಂದು ಹೋಗುವ ಖಾಸಗಿ ಕಟ್ಟಡವೂ ಅದರಲ್ಲಿ ಸೇರಿದೆ. ಆಸ್ಪತ್ರೆ, ಶಾಲೆ, ಅಂಗಡಿ ಸಂಕೀರ್ಣ, ದೇವಸ್ಥಾನ, ಕೋರ್ಟು, ಬಸ್ ನಿಲ್ದಾಣ, ರೈಲು ನಿಲ್ದಾಣ ಎಲ್ಲವೂ ಬಂದವು. ಮುರ್ಡೇಶ್ವರ, ಗೋಕರ್ಣದ ವಸತಿಗೃಹಗಳೂ ಹೊರತಲ್ಲ.

ಮೊದಲು ಅಳತೆ

"ರ‍್ಯಾಂಪ್ ಇದೆಯಲ್ಲ" ಎಂಬ ಉತ್ತರ ಎಲ್ಲ ಕಡೆ ಸಿಗುತ್ತದೆ. ಅದಕ್ಕೇ ದೂರು ಬರೆಯುವ ಮೊದಲು ಒಂದು ಅಳತೆ ಟೇಪ್ ಹಿಡಿದು ಹೋಗಬೇಕು. "ತೊಂದರೆಯಾಗುತ್ತಿದೆ" ಎಂದು ಬರೆದ ಅರ್ಜಿಯನ್ನು ಬದಿಗಿಡುವುದು ಸುಲಭ. ಅಳತೆ ಬರೆದ ಅರ್ಜಿಗೆ ಅಳತೆಯಿಂದಲೇ ಉತ್ತರ ಕೊಡಬೇಕಾಗುತ್ತದೆ.

ಕೇಂದ್ರ ಸರ್ಕಾರದ ಮಾನದಂಡದಲ್ಲಿ ಇಳಿಜಾರಿನ ಲೆಕ್ಕ 1:12. ಒಂದು ಪಾಲು ಎತ್ತರಕ್ಕೆ ಹನ್ನೆರಡು ಪಾಲು ಉದ್ದ. ಇದನ್ನು ನೆನಪಿಡಲು ಸುಲಭದ ದಾರಿ ಇದೆ: ಎತ್ತರ ಎಷ್ಟು ಇಂಚೋ, ರ‍್ಯಾಂಪ್ ಕನಿಷ್ಠ ಅಷ್ಟು ಅಡಿ ಉದ್ದ ಇರಬೇಕು. ಆರು ಇಂಚಿನ ಮೂರು ಮೆಟ್ಟಿಲು ಇದ್ದರೆ ಎತ್ತರ 18 ಇಂಚು, ಹಾಗಾಗಿ ರ‍್ಯಾಂಪ್ 18 ಅಡಿ. ಐದು ಮೆಟ್ಟಿಲಾದರೆ 30 ಅಡಿ. ಈಗ ನಿಮ್ಮೂರಿನ ಯಾವುದಾದರೂ ಕಚೇರಿಯ ಮುಂದೆ ನಿಂತು ನೋಡಿ. ಐದು ಮೆಟ್ಟಿಲಿನ ಪಕ್ಕ ಎಂಟೋ ಹತ್ತೋ ಅಡಿಯ ಸಿಮೆಂಟ್ ಇಳಿಜಾರು ಕಂಡರೆ, ಅದು ಬೈಕ್ ಹತ್ತಿಸಲು ಆದೀತು. ಗಾಲಿಕುರ್ಚಿಯಲ್ಲಿ ಹತ್ತುವಾಗ ಹಿಂದಕ್ಕೆ ಬೀಳುವ ಭಯ, ಇಳಿಯುವಾಗ ಕೈ ತಪ್ಪುವ ಭಯ. ಜಾಗ ಸಾಲದು ಎಂಬ ಸಬೂಬು ಬಂದರೆ, ನಡುವೆ ಸಮತಟ್ಟು ಜಾಗ ಬಿಟ್ಟು ಇಳಿಜಾರನ್ನು ತಿರುಗಿಸಿ ಕಟ್ಟಬಹುದು ಎಂದು ಹೇಳಿ.

ಅಗಲ ಕನಿಷ್ಠ 1200 ಮಿ.ಮೀ., ಅಂದರೆ ಸುಮಾರು ನಾಲ್ಕು ಅಡಿ. ಎರಡೂ ಬದಿಗೆ ಹಿಡಿದುಕೊಳ್ಳಲು ಕಂಬಿ ಬೇಕು. ಬಾಗಿಲು ತೆರೆದಾಗ 900 ಮಿ.ಮೀ. ಜಾಗ ಸಿಗಬೇಕು. ಮೇಲೆ ಹತ್ತಿದ ಮೇಲೆ ಕುರ್ಚಿ ತಿರುಗಿಸಲು ಐದು ಅಡಿ ಸಮತಟ್ಟು ಇರಬೇಕು. ಬಾಗಿಲ ಎದುರೇ ಇಳಿಜಾರು ಮುಗಿದರೆ ಬಾಗಿಲು ತೆರೆಯುವುದು ಹೇಗೆ, ಅಲ್ವಾ?

ನಮ್ಮ ಕಡೆ ಇನ್ನೊಂದು ವಿಷಯ ನೋಡಲೇಬೇಕು, ಜಾರುವ ನೆಲ. ನುಣುಪಾದ ಟೈಲ್ಸ್ ಹಾಕಿದ ರ‍್ಯಾಂಪ್ ಜೂನ್ ಬಂದರೆ ಯಾರಿಗೂ ಆಗುವುದಿಲ್ಲ. ಚಿರೆಕಲ್ಲು, ಸಿಮೆಂಟಿನ ಮೇಲೂ ಆಷಾಢದ ಹೊತ್ತಿಗೆ ಪಾಚಿ ಕಟ್ಟುತ್ತದೆ. ಆದಷ್ಟು ಮಳೆಗಾಲದಲ್ಲೇ ಫೋಟೊ ತೆಗೆಯಿರಿ. ಬೇಸಿಗೆಯಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ.

ಶೌಚಾಲಯವನ್ನೂ ನೋಡಿ. ಗಾಲಿಕುರ್ಚಿಯ ಗುರುತು ಬರೆದ ಬಾಗಿಲಿಗೆ ಬೀಗ ಇದ್ದರೆ, ಒಳಗೆ ಪೊರಕೆ ಬಕೆಟ್ಟು ತುಂಬಿದ್ದರೆ ಅದೂ ದೂರಿನ ವಿಷಯವೇ. ಕಣ್ಣು ಕಾಣದವರಿಗೆ ಲಿಫ್ಟ್‌ನಲ್ಲಿ ಬ್ರೈಲ್ ಗುಂಡಿ, ಧ್ವನಿ ಇದೆಯೇ ಎಂದು ಬರೆದುಕೊಳ್ಳಿ.

ಅರ್ಜಿ ಬರೆಯುವುದು

ಮೊದಲ ಅರ್ಜಿ ಆ ಕಟ್ಟಡದ ಮುಖ್ಯಸ್ಥರಿಗೆ ಹೋಗಲಿ. ಪ್ರತಿಯನ್ನು ಕಾರವಾರದ ಜಿಲ್ಲಾಧಿಕಾರಿಗೂ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗೂ ಕಳಿಸಿ. ಒಂದು ಪುಟ ಸಾಕು. ಹೀಗೆ ಬರೆಯಬಹುದು:

"ತಮ್ಮ ಕಚೇರಿಯ ಮುಂಬಾಗಿಲಿಗೆ ಐದು ಮೆಟ್ಟಿಲುಗಳಿವೆ, ಎತ್ತರ 30 ಇಂಚು. ಈಗಿರುವ ರ‍್ಯಾಂಪ್‌ನ ಉದ್ದ 9 ಅಡಿ, ಅಗಲ 3 ಅಡಿ, ಕಂಬಿ ಇಲ್ಲ. ಇದು 1:12ರ ಮಾನದಂಡಕ್ಕೆ ಹೊಂದುವುದಿಲ್ಲ. ಕಾಯ್ದೆಯ ಕಲಂ 45ರಂತೆ ಸರಿಪಡಿಸಿ, ಯಾವ ದಿನಾಂಕದೊಳಗೆ ಮುಗಿಸುತ್ತೀರಿ ಎಂದು ಲಿಖಿತವಾಗಿ ತಿಳಿಸಬೇಕು. ಅಲ್ಲಿಯವರೆಗೆ ಸಿಬ್ಬಂದಿ ಕೆಳಗೆ ಬಂದು ನನ್ನ ಕೆಲಸ ಮಾಡಿಕೊಡಬೇಕು."

ಕೊನೆಯ ವಾಕ್ಯ ಬಿಡಬೇಡಿ. ರ‍್ಯಾಂಪ್ ಕಟ್ಟಲು ತಿಂಗಳುಗಳು ಬೇಕಾಗಬಹುದು, ಗುಮಾಸ್ತರು ಐದು ಮೆಟ್ಟಿಲು ಇಳಿಯಲು ಅಷ್ಟು ಬೇಡ. ಇಂಥ ಸೂಕ್ತ ಹೊಂದಾಣಿಕೆ ಕೇಳುವುದಕ್ಕೂ ಇದೇ ಕಾಯ್ದೆಯಲ್ಲಿ ಅವಕಾಶ ಇದೆ.

ಅರ್ಜಿ ಕೊಟ್ಟ ಮೇಲೆ ನಿಮ್ಮ ಪ್ರತಿಯ ಮೇಲೆ ಸೀಲು, ದಿನಾಂಕ ಹಾಕಿಸಿಕೊಳ್ಳಿ. ಒಳಗೆ ಹೋಗಲು ಆಗದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಇಟ್ಟುಕೊಳ್ಳಿ. ಬರೆಯುವುದು ಕಷ್ಟವಾದರೆ ಗ್ರಾಮ ಪಂಚಾಯ್ತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ. ಊರಲ್ಲಿ ಎಲ್ಲರೂ ಅವರನ್ನು ವಿಆರ್‌ಡಬ್ಲ್ಯೂ ಅಂತಲೇ ಕರೆಯುವುದು. ಕೇಂದ್ರ ಸರ್ಕಾರದ ಸುಗಮ್ಯ ಭಾರತ್ ಆ್ಯಪ್‌ನಲ್ಲೂ ಫೋಟೊ ಹಾಕಿ ದೂರು ದಾಖಲಿಸಬಹುದು. ಆದರೂ ಕೈಯಲ್ಲಿ ಸೀಲು ಬಿದ್ದ ಕಾಗದ ಇರುವುದೇ ವಾಸಿ.

ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದಲ್ಲಿ ಒಂದೇ ವಿಷಯ, 150 ಪದ ಎಂಬ ಮಿತಿ ಇದೆ, ಅದಕ್ಕೆ ಚುಟುಕಾಗಿ ಕೇಳಿ. ನನ್ನ ಅರ್ಜಿಯ ಮೇಲೆ ತೆಗೆದುಕೊಂಡ ಕ್ರಮ ಏನು, ರ‍್ಯಾಂಪ್‌ನ ನಕ್ಷೆ ಮತ್ತು ಅಂದಾಜು ಪಟ್ಟಿಯ ಪ್ರತಿ ಕೊಡಿ, ಇಷ್ಟು ಸಾಕು.

"ಇದು ಬರೀ ಮಾರ್ಗಸೂಚಿ" ಎಂದರೆ

ಈ ಮಾತಿಗೆ ಉತ್ತರ ಸುಪ್ರೀಂ ಕೋರ್ಟಿನಲ್ಲಿದೆ. ರಾಜೀವ್ ರತೂರಿ ಎಂಬ ದೃಷ್ಟಿ ಇಲ್ಲದ ಅರ್ಜಿದಾರರು 2005ರಲ್ಲಿ ಹಾಕಿದ ಪ್ರಕರಣದಲ್ಲಿ 2024ರ ನವೆಂಬರ್ 8ರಂದು ತೀರ್ಪು ಬಂತು. ಮಾನದಂಡಗಳನ್ನು ಬರೀ ಸಲಹೆಯಂತೆ ಇಟ್ಟಿದ್ದ 15(1)ನೇ ನಿಯಮ ಮೂಲ ಕಾಯ್ದೆಗೇ ವಿರುದ್ಧ ಎಂದಿತು ಕೋರ್ಟು. ಕಡ್ಡಾಯ ನಿಯಮಗಳನ್ನು ಮೂರು ತಿಂಗಳೊಳಗೆ ಮಾಡಿ ಎಂದು ಕೇಂದ್ರಕ್ಕೆ ಹೇಳಿತು. ಅರ್ಜಿಯಲ್ಲಿ ಈ ತೀರ್ಪಿನ ಹೆಸರು, ದಿನಾಂಕ ಬರೆಯಿರಿ.

ಆಮೇಲಿನ ಬಾಗಿಲು ಬೆಂಗಳೂರಿನಲ್ಲಿರುವ, ಅಂಗವಿಕಲ ವ್ಯಕ್ತಿಗಳ ದೂರು ಕೇಳುವ ರಾಜ್ಯ ಆಯುಕ್ತರದ್ದು. ರೈಲು ನಿಲ್ದಾಣ, ಅಂಚೆ ಕಚೇರಿ, ರಾಷ್ಟ್ರೀಕೃತ ಬ್ಯಾಂಕುಗಳು ಕೇಂದ್ರದ ಕೆಳಗೆ ಬರುವುದರಿಂದ ಅವುಗಳ ದೂರು ದೆಹಲಿಯ ಮುಖ್ಯ ಆಯುಕ್ತರಿಗೆ. ಕೊಂಕಣ ರೈಲ್ವೆಯ ದೂರನ್ನು ಬೆಂಗಳೂರಿಗೆ ಕಳಿಸಿ ಸುಮ್ನೆ ದಿನ ಕಳೆಯಬೇಡಿ. ಕಟ್ಟಡದ ವಿಳಾಸ, ಅಳತೆ, ಫೋಟೊ, ಹಳೆಯ ಅರ್ಜಿಗಳ ಪ್ರತಿ, ನಿಮಗೆ ಏನು ಆಗಬೇಕು ಎಂಬುದು, ಇವಿಷ್ಟೂ ಇರಲಿ. ಆಯುಕ್ತರು ತಾವಾಗಿಯೂ ವಿಚಾರಣೆ ಕೈಗೊಳ್ಳಬಹುದು. ಹಾಗಾಗಿ ಅಕ್ಕಪಕ್ಕದವರು, ಮನೆಯವರು ಬರೆದರೂ ಆದೀತು.

ಆಯುಕ್ತರಿಗೆ ಸಿವಿಲ್ ಕೋರ್ಟಿನಂತೆ ಸಮನ್ಸ್ ಕಳಿಸುವ, ದಾಖಲೆ ತರಿಸುವ ಅಧಿಕಾರ ಇದೆ. ಅವರು ಕೊಡುವುದು ಶಿಫಾರಸು. ಅದರ ಮೇಲೆ ಮೂರು ತಿಂಗಳೊಳಗೆ ಕ್ರಮ ಆಗಬೇಕು, ಇಲ್ಲವೇ ಯಾಕೆ ಒಪ್ಪುವುದಿಲ್ಲ ಎಂದು ಆಯುಕ್ತರಿಗೂ ನಿಮಗೂ ಬರೆದು ತಿಳಿಸಬೇಕು. ದಂಡ ಹಾಕುವುದು ಕೋರ್ಟಿನ ಕೆಲಸ. ಕಲಂ 89ರಲ್ಲಿ ಮೊದಲ ತಪ್ಪಿಗೆ 10,000 ರೂಪಾಯಿವರೆಗೆ, ಮತ್ತೆ ಮಾಡಿದರೆ 50,000ದಿಂದ 5 ಲಕ್ಷದವರೆಗೆ ದಂಡ ಇದೆ.

ಇಷ್ಟೆಲ್ಲ ಓಡಾಟ ಹಳೆಯ ಕಟ್ಟಡಕ್ಕೆ. ನಿಮ್ಮೂರಲ್ಲಿ ಹೊಸ ವಾಣಿಜ್ಯ ಸಂಕೀರ್ಣವೋ ಸಮುದಾಯ ಭವನವೋ ಏಳುತ್ತಿದ್ದರೆ ಪಾಯ ಹಾಕುವಾಗಲೇ ನಗರಸಭೆಗೆ ಅಥವಾ ಪಿಡಿಒಗೆ ಬರೆಯಿರಿ. ನಕ್ಷೆ ನಿಯಮದಂತೆ ಇಲ್ಲದಿದ್ದರೆ ಪರವಾನಗಿ ಕೊಡುವಂತಿಲ್ಲ, ಕಟ್ಟಿದ ಮೇಲೂ ನಿಯಮ ಪಾಲಿಸದಿದ್ದರೆ ಪೂರ್ಣಗೊಂಡ ಪ್ರಮಾಣಪತ್ರ ಕೊಡುವಂತಿಲ್ಲ ಎಂದು ಕಲಂ 44 ಹೇಳುತ್ತದೆ. ಆ ಪ್ರಮಾಣಪತ್ರ ಸಿಗುವ ಮೊದಲೇ ನಿಮ್ಮ ಆಕ್ಷೇಪಣೆ ಕಡತದಲ್ಲಿರಲಿ.