ಅಮ್ಮನಿಗೆ ಮತ್ತೆ ಲಕ್ವ ಹೊಡೆಯುತ್ತಿಲ್ಲ ಎಂದು ಕಂಡುಕೊಂಡದ್ದು

ಅಮ್ಮನ ಮೆದುಳಿನ ಬಲಭಾಗದಲ್ಲಿ ರಕ್ತಸ್ರಾವವಾದದ್ದು 2018ರ ಮಳೆಗಾಲದಲ್ಲಿ. ಐಸಿಯು, ಮೂಗಿನ ನಳಿಕೆ, ಫಿಸಿಯೋಥೆರಪಿ ಎಲ್ಲವೂ ನಿಮ್ಮ ಮನೆಗಳಲ್ಲೂ ನಡೆದಿರುವಂಥದ್ದೇ, ಅದನ್ನು ಬಿಡುತ್ತೇನೆ. ಕೋಲು ಹಿಡಿದು ಹಿತ್ತಲಿಗೆ ಹೋಗಿ ಬರುವಷ್ಟು ಚೇತರಿಸಿಕೊಂಡಿದ್ದಳು. ಮೂರನೇ ವರ್ಷದ ಚಳಿಗಾಲದಲ್ಲಿ ಅವರೆಕಾಯಿ ಬಿಡಿಸುತ್ತಾ ಕೂತವಳ ಎಡಗೈ ಅದುರಿತು. ಅದುರು ನಿಂತ ಮೇಲೆ ಆ ಕೈ ಮೂರು ಗಂಟೆ ಸತ್ತಂತೆ ಬಿದ್ದಿತ್ತು. ಮತ್ತೆ ಲಕ್ವ ಎಂದು ಓಡಿದೆವು. ಸಿಟಿ ಸ್ಕ್ಯಾನಿನಲ್ಲಿ ಹೊಸದೇನೂ ಇರಲಿಲ್ಲ.

ಹದಿನಾಲ್ಕು ತಿಂಗಳಲ್ಲಿ ಹೀಗೆ ಐದು ಸಲ ಆಯಿತು. ಆಂಬುಲೆನ್ಸ್, ಸ್ಕ್ಯಾನ್, ಒಂದೆರಡು ದಿನದ ದಾಖಲಾತಿ ಎಲ್ಲ ಸೇರಿ ಸುಮಾರು ಒಂದೂಕಾಲು ಲಕ್ಷ ಹೋಯಿತು. ಮೆದುಳಿನ ವಿದ್ಯುತ್ ಚಟುವಟಿಕೆ ನೋಡುವ ಇಇಜಿ ಪರೀಕ್ಷೆಯೂ ಸರಿಯಾಗಿತ್ತು. ಒಬ್ಬ ವೈದ್ಯರು ಹೆದರಿಕೆಯಿಂದ ಹೀಗಾಗುತ್ತದೆ ಎಂದು ಆತಂಕದ ಮಾತ್ರೆ ಬರೆದರು. ಅಣ್ಣನೂ ಅದನ್ನೇ ನಂಬಿದ. ನರದೌರ್ಬಲ್ಯ ಎಂದವರ ಮಾತಿಗೆ ಬಿ12 ಇಂಜೆಕ್ಷನ್ನು, ಎಣ್ಣೆ ತಿಕ್ಕುವುದು ಕೂಡ ಆಯಿತು.

ನಾನು ಬರೆದಿಡಲು ಕೂತೆ. ಮೊದಲ ಪುಸ್ತಕ ದಂಡವಾಯಿತು. ದಿನಕ್ಕೆ ಮೂರು ಸಲ ಬಿಪಿ, ಊಟ, ಮಲಮೂತ್ರ ಎಂದು ಹದಿನೈದು ಕಾಲಮ್ಮುಗಳನ್ನು ತುಂಬಿ ತುಂಬಿ, ಬೇಕಾದದ್ದನ್ನೇ ಬರೆದಿರಲಿಲ್ಲ. ಎರಡನೆಯದರಲ್ಲಿ ಐದೇ ಉಳಿಸಿದೆ: ಎಲ್ಲಿ ಶುರುವಾಯಿತು, ಎಲ್ಲಿಗೆ ಹೋಯಿತು, ಎಷ್ಟು ಹೊತ್ತು, ಕೈಗೆ ಬಲ ಬಂದದ್ದು ಯಾವಾಗ, ಹಿಂದಿನ ಎರಡು ದಿನ ನಿದ್ದೆ ಮತ್ತು ಮಾತ್ರೆ ಹೇಗಿದ್ದವು. ವಿಡಿಯೋಗಳೂ ಮೊದಲು ಕೆಟ್ಟವು. ಮುಖವನ್ನಷ್ಟೇ ಹಿಡಿದಿದ್ದೆ, ಕೈ ಹೊದಿಕೆಯೊಳಗಿತ್ತು. ಆಮೇಲೆ ಹಳೆಯ ಮೊಬೈಲೊಂದನ್ನು ಕಿಟಕಿಯಲ್ಲಿ ಕಟ್ಟಿಟ್ಟೆ. ಅದುರು ಶುರುವಾದರೆ ಹೊದಿಕೆ ಸರಿಸಿ, ಹೆಸರು ಕೇಳಿ, ಎರಡೂ ಕೈ ಎತ್ತಲು ಹೇಳುತ್ತಿದ್ದೆ.

ಮೂರು ವಿಡಿಯೋಗಳನ್ನು ಅಕ್ಕಪಕ್ಕ ಇಟ್ಟು ನೋಡಿದ ರಾತ್ರಿ ನನಗೆ ಹೊಳೆಯಿತು. ಮೂರರಲ್ಲೂ ದಾರಿ ಒಂದೇ! ಹೆಬ್ಬೆರಳು, ಮಣಿಕಟ್ಟು, ಆಮೇಲೆ ಬಾಯಿಯ ಎಡ ಅಂಚು. ಸುಮಾರು ಒಂದೂವರೆ ನಿಮಿಷ. ಲಕ್ವ ಸಾಮಾನ್ಯವಾಗಿ ಹೀಗೆ ಮೆಟ್ಟಿಲು ಹತ್ತಿದಂತೆ ಬರುವುದಿಲ್ಲ, ಒಮ್ಮೆಲೇ ಕಸಿದುಕೊಳ್ಳುತ್ತದೆ. ನರರೋಗ ತಜ್ಞರೊಬ್ಬರು ಆ ವಿಡಿಯೋಗಳನ್ನು ಎರಡು ಸಲ ನೋಡಿ, ಇದು ಫಿಟ್ಸ್ ಎಂದರು. ಹಳೆಯ ರಕ್ತ ಬಿಟ್ಟುಹೋದ ಕಬ್ಬಿಣದಂಶ ಮೆದುಳಿನ ಹೊರಪದರವನ್ನು ಕೆರಳಿಸುತ್ತಿರುತ್ತದಂತೆ. ಫಿಟ್ಸ್ ಬಿಟ್ಟ ಮೇಲೆ ಕೆಲವು ಗಂಟೆ ಕೈ ಸೋಲುವುದೂ ಅದರದೇ ಭಾಗ. ಇಇಜಿ ಸರಿಯಿದ್ದ ಮಾತ್ರಕ್ಕೆ ಫಿಟ್ಸ್ ಇಲ್ಲವೆಂದು ಹೇಳಲಾಗದು. ಅಣ್ಣ ಆ ದಿನ ಮಾತಾಡಲಿಲ್ಲ. ಐದು ಸಲ ದೊಡ್ಡ ಯಂತ್ರಗಳಿಗೆ ಸಿಗದ್ದನ್ನು ನನ್ನ ಹಳೆಯ ಮೊಬೈಲ್ ಹಿಡಿದಿತ್ತು, ಈ ಹೆಮ್ಮೆ ನನಗಿದೆ.

ಆದರೂ ಕೈ ಸೋತಾಗ ಫಿಟ್ಸ್ ಇರಬೇಕೆಂದು ನಾನು ಮನೆಯಲ್ಲಿ ಕಾದು ಕೂತದ್ದಿಲ್ಲ, ನೀವೂ ಕೂರಬೇಡಿ. ಎರಡನೆಯ ರಕ್ತಸ್ರಾವ ಯಾವ ಸಲ ಬಂದೀತೆಂದು ಮನೆಯವರಿಗೆ ತಿಳಿಯದು.

ಫಿಟ್ಸ್ ತಡೆಯುವ ಲೆವೆಟಿರಾಸೆಟಮ್ ಮಾತ್ರೆ ಶುರುವಾಯಿತು, ತಿಂಗಳಿಗೆ ಏಳೆಂಟು ನೂರು. ಜನೌಷಧಿ ಅಂಗಡಿಯಲ್ಲಿ ಇನ್ನೂ ಕಡಿಮೆ. ಮೊದಲ ಮೂರು ವಾರ ಅಮ್ಮ ಸಿಡಿಮಿಡಿಗೊಂಡು ತಟ್ಟೆ ಎಸೆದಳು. ಅದು ಮಾತ್ರೆಯ ಗುಣ ಎಂದು ತಿಳಿದಿರಲಿಲ್ಲ, ಅವಳ ಮೇಲೆ ರೇಗಿಬಿಟ್ಟೆ. ವೈದ್ಯರು ಪ್ರಮಾಣ ಬದಲಿಸಿದ ಮೇಲೆ ಶಾಂತವಾದಳು. ಮಾತ್ರೆ ಬೇಡವೆಂದು ಹಟ ಹಿಡಿದ ದಿನಗಳಲ್ಲಿ ಹೇಗೆ ಒಪ್ಪಿಸಿದೆ ಎಂಬುದು ನಮ್ಮಿಬ್ಬರ ನಡುವೆಯೇ ಇರಲಿ.

ಪುಸ್ತಕ ಇನ್ನೂ ಎರಡು ಸುಳಿವು ಕೊಟ್ಟಿತು. ಎರಡು ಸಲ ಅದುರು ಬಂದದ್ದು ಭೇದಿಗೆಂದು ಓಫ್ಲಾಕ್ಸಾಸಿನ್ ಎಂಬ ಆಂಟಿಬಯೋಟಿಕ್ ನುಂಗಿದ ಮರುದಿನ. ಆ ಜಾತಿಯ ಔಷಧ ಫಿಟ್ಸ್ ಕೆರಳಿಸಬಲ್ಲದು. ಇನ್ನೊಂದು ನನ್ನದೇ ತಪ್ಪು. ಬಿಪಿಗೆಂದು ಉಪ್ಪನ್ನು ಪೂರಾ ನಿಲ್ಲಿಸಿದ್ದೆ, ಮೂತ್ರ ಹೆಚ್ಚಿಸುವ ಬಿಪಿ ಮಾತ್ರೆಯೂ ನಡೆದಿತ್ತು. ರಕ್ತದ ಸೋಡಿಯಂ 122ರ ಸುಮಾರಿಗೆ ಇಳಿದಿತ್ತು, ಅಷ್ಟು ಇಳಿದರೂ ಫಿಟ್ಸ್ ಬರಬಹುದು. ನಡುವೆ ನಾಲ್ಕು ಸಾವಿರದ ಕೈಗಡಿಯಾರವೊಂದನ್ನು ಅದುರು ಹಿಡಿಯಲೆಂದು ಕಟ್ಟಿನೋಡಿದೆ. ಹೂ ಕಟ್ಟುವಾಗಲೂ ಕೂಗುತ್ತಿತ್ತು, ಬಿಚ್ಚಿಟ್ಟೆ.

ಅದುರು ಬಾರದೆ ಹನ್ನೊಂದು ತಿಂಗಳಾಯಿತು. ಈಗ ಎಡ ಅಂಗಾಲು ಉರಿಯುತ್ತದೆ ಎನ್ನುತ್ತಿದ್ದಾಳೆ, ತಣ್ಣೀರು ತಾಗಿದರೆ ಹೆಚ್ಚಂತೆ. ಇದು ಮೇಲಕ್ಕೆ ಹತ್ತುವುದಿಲ್ಲ, ಬಿಟ್ಟು ಬಿಟ್ಟು ಬರುವುದೂ ಇಲ್ಲ. ಇದಕ್ಕೆ ಬೇರೆ ಪುಟ ತೆರೆದಿದ್ದೇನೆ, ಬರುವ ಸೋಮವಾರ ತೋರಿಸಲು ಹೋಗುತ್ತೇವೆ.