ತೇಲೂ ಮನಿಗೆ ಸ್ಟೀಲ್ ಪಾಂಟೂನ್ ಕಟ್ಟಿದ್ದು: ನನ್ನ ಅನುಭವ

ಹುಬ್ಬಳ್ಳಿ ಗೋಕುಲ ರೋಡ್ ಇಂಡಸ್ಟ್ರಿಯಲ್ ಎಸ್ಟೇಟಿನ್ಯಾಗ ನಮ್ಮದು ಫ್ಯಾಬ್ರಿಕೇಶನ್ ಶೆಡ್ ಐತ್ರಿ, ದಿನದ ಕೆಲಸ ಅಂದ್ರ ಟ್ರೇಲರ್, ನೀರಿನ ಟ್ಯಾಂಕರ್, ಗೋದಾಮಿನ ಟ್ರಸ್. ಅಣ್ಣಿಗೇರಿ ಕಡೆ ಗೆಳೆಯಾರೊಬ್ಬರ ಹೊಲದಾಗ ದೊಡ್ಡ ಹೊಂಡ ಐತಿ, ಅದರಾಗ ತೇಲೂವಂಥ ಒಂದು ಖೋಲಿ ಮನಿ ಬೇಕು ಅಂದ್ರು, 6 ಮೀಟರ್ ಉದ್ದ 3.6 ಮೀಟರ್ ಅಗಲ. ಮ್ಯಾಲಿನ ಮನಿ ಏನೂ ಕಷ್ಟ ಇಲ್ಲ, ಚೌಕ ಪೈಪಿನ ಫ್ರೇಮ್, ಪ್ಲೈವುಡ್ ನೆಲ, ತಗಡಿನ ಛಾವಣಿ, ಯಾವ ಫ್ಯಾಬ್ರಿಕೇಟರ್ ಆದ್ರೂ ಮಾಡತಾನ. ಕೆಲಸ ಇರೂದೆಲ್ಲಾ ಕೆಳಗಿನ ಪಾಂಟೂನಿನ್ಯಾಗ, ಅಂದ್ರ ಮನಿಯನ್ನ ನೀರಿನ ಮ್ಯಾಲ ಎತ್ತಿ ಹಿಡಿಯೂ ಟೊಳ್ಳು ಡಬ್ಬಿ.

ಎಲ್ಲಾರೂ ಹೇಳಿದ್ದು ಹಳೇ ಡ್ರಮ್ ಕಟ್ರಿ, ಅಗ್ಗ ಆಗತೈತಿ ಅಂತ. ನಾ ಒಪ್ಪಲಿಲ್ಲ. 200 ಲೀಟರ್ ಡ್ರಮ್ಮಿನ ತಗಡು ಒಂದು ಮಿಲಿಮೀಟರ್ ಆಸುಪಾಸು ಇರತೈತಿ, ನೀರಿನ ಗೆರಿ ಹತ್ರ ಬಲು ಬೇಗ ತುಕ್ಕು ತಿಂತೈತಿ, ಮತ್ತ ಮೊದಲ ಒಳಗ ಏನಿತ್ತೋ ಗೊತ್ತಿಲ್ಲದ ಡ್ರಮ್ಮಿಗೆ ವೆಲ್ಡಿಂಗ್ ಹಚ್ಚಿದ್ರ ಸಿಡದು ಜೀವಾನ ಹೋಗಬಹುದು, ದಯವಿಟ್ಟು ಯಾರೂ ಆ ಕೆಲಸ ಮಾಡಬ್ಯಾಡ್ರಿ.

ಹಂಗಾಗಿ 4 ಎಂಎಂ ಎಂಎಸ್ (ಮೈಲ್ಡ್ ಸ್ಟೀಲ್, ಸಾದಾ ಉಕ್ಕು) ಪ್ಲೇಟಿನ ಎರಡು ಡಬ್ಬಿ, ಒಂದೊಂದು 6 ಮೀಟರ್ ಉದ್ದ, 80 ಸೆಂಟಿಮೀಟರ್ ಅಗಲ, 70 ಎತ್ತರ. ಲೆಕ್ಕ ಸಾದಾ ಐತ್ರಿ: 4 ಎಂಎಂ ಪ್ಲೇಟ್ ಚದರ ಮೀಟರಿಗೆ 31.4 ಕಿಲೋ, ಒಳಗಿನ ಅಡ್ಡ ಗೋಡಿ, 40-40-5 ಎಂಎಂ ಆಂಗಲ್ (ಎಲ್ ಆಕಾರದ ಪಟ್ಟಿ) ಎಲ್ಲಾ ಹಿಡದು ಒಂದು ಪಾಂಟೂನ್ ಸುಮಾರು 720 ಕಿಲೋ. ಎರಡಕ್ಕ 1440, ಮನಿ 1500, ಆರು ಮಂದಿಗೆ 450, ಒಟ್ಟು 3390 ಕಿಲೋ. ಎರಡೂ ಪಾಂಟೂನ್ ಕೂಡಿ ನೀರಿನ ಮ್ಯಾಲ 9.6 ಚದರ ಮೀಟರ್ ಜಾಗ ಹಿಡೀತಾವ, ಅಂದ್ರ ಪ್ರತಿ 96 ಕಿಲೋಕ್ಕ ಒಂದು ಸೆಂಟಿಮೀಟರ್ ಇಳೀಬೇಕು, ಲೆಕ್ಕ ಹಾಕಿದ್ರ 35 ಸೆಂಟಿಮೀಟರ್, ಅರ್ಧ ಮುಳುಗಿ ಅರ್ಧ ಮ್ಯಾಲ. ನನಗ ಬೇಕಾಗಿದ್ದೂ ಅದ.

ಆದ್ರ ಮುಳುಗೂದಿಲ್ಲ ಅಂದ ಮಾತ್ರಕ್ಕ ಕೆಲಸ ಮುಗಿಯಂಗಿಲ್ಲ, ವಾಲಬಾರದು. ಎರಡು ಪಾಂಟೂನ್ ನಡುವಿನ ಅಂತರದ ವರ್ಗದಷ್ಟು ಅದರ ನಿಲುವು, ಅಂದ್ರ ವಾಲದಂಗ ನಿಲ್ಲೂ ತಾಕತ್ತು, ಏರತೈತಿ, ಅಂತರ ಅರ್ಧ ಮಾಡಿದ್ರ ನಿಲುವು ಕಾಲು ಭಾಗಕ್ಕ ಬರತೈತಿ, ಮ್ಯಾಲ ಮನಿ ಭಾರ ಎತ್ತರದಾಗ ಇರೂದ್ರಿಂದ ಇನ್ನೂ ಕಡಿಮಿ. ಅದಕ್ಕ ನಾ ಎರಡನ್ನೂ ತೀರಾ ಅಂಚಿಗೆ ಒಯ್ದೆ, ನಡು ಗೆರಿಯಿಂದ ನಡು ಗೆರಿಗೆ 2.8 ಮೀಟರ್. ಹಿಂಗಿದ್ರ ಆರು ಮಂದಿ ಒಂದ ಅಂಚಿಗೆ ಬಂದು ನಿಂತ್ರೂ ಆ ಕಡೆ ಸುಮಾರು 9 ಸೆಂಟಿಮೀಟರ್ ಅಷ್ಟ ಇಳೀತೈತಿ. ಊರಾಗ ಯಾರರೆ ಮೀನು ತೋರಿಸಿದ್ರ ಎಲ್ಲಾರೂ ಒಂದ ಕಡೆ ಓಡೂದ ಅಲ್ಲೇನ್ರಿ, ಅದನ್ನ ಲೆಕ್ಕದಾಗ ಹಿಡೀಲೇಬೇಕು.

ಒಂದೊಂದು ಪಾಂಟೂನಿನ ಒಳಗ ಮೂರು ಅಡ್ಡ ಗೋಡಿ, ನಾಕು ಖಾನೆ, ಒಂದರ ನೀರು ಇನ್ನೊಂದಕ್ಕ ಹೋಗದಂಗ ಸುತ್ತಲೂ ಪೂರ್ತಿ ವೆಲ್ಡಿಂಗ್. ಒಂದು ಖಾನೆ ತೂತು ಬಿದ್ರ ಆ ಮೂಲಿ ಇಳದು ಮನಿ ವಾಲತೈತಿ ಖರೆ, ಆದ್ರ ಇಡೀ ಪಾಂಟೂನ್ ತುಂಬಂಗಿಲ್ಲ, ಮಂದಿ ಇಳದು ಹೋಗಾಕ ಟೈಮ್ ಸಿಗತೈತಿ. ಹೊರಗಿನ ಜಾಯಿಂಟ್ ಎಲ್ಲಾ ಮಿಗ್ ವೆಲ್ಡಿಂಗ್ (ಗ್ಯಾಸ್ ಜೋಡಿ ತಂತಿ ತಾನ ಬರೂ ವೆಲ್ಡಿಂಗ್), ಒಂದ ಕಡೆಯಿಂದ ಎಳಕೊಂಡು ಹೋದ್ರ ತೆಳು ಪ್ಲೇಟ್ ಹಪ್ಪಳದಂಗ ಸೊಟ್ಟ ಆಗತೈತಿ, ಅದಕ್ಕ ಇಲ್ಲೊಂದು ಗೇಣು, ಅಲ್ಲೊಂದು ಗೇಣು ಹಾಕಿ, ಆರಾಕ ಬಿಟ್ಟು, ಆಮ್ಯಾಲ ನಡುವಿನದು ತುಂಬಿಸಿದ್ವಿ.

ಲೀಕ್ ಟೆಸ್ಟ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳತೀನಿ. ಪ್ರತಿ ಖಾನೆಗೆ ಮ್ಯಾಲ ಎರಡು ಇಂಚಿನ ಸಾಕೆಟ್ ವೆಲ್ಡ್ ಮಾಡಿ ಪ್ಲಗ್ ಹಾಕೀವಿ, ಅದರಿಂದನ ಗಾಳಿ ಬಿಡೂದು. ಕಂಪ್ರೆಸರಿನ ಗೇಜ್ ಇಷ್ಟು ಕಡಿಮಿ ಒತ್ತಡ ತೋರಸಂಗಿಲ್ಲ. ಗೌಂಡಿಗಳು ಲೆವೆಲ್ ಹಿಡೀತಾರಲ್ಲ ಆ ಪಾರದರ್ಶಕ ಪೈಪ್ ತಂದು, ಯು ಆಕಾರದಾಗ ಗೋಡಿಗೆ ಕಟ್ಟಿ, ನೀರು ತುಂಬಿಸಿ, ಒಂದು ತುದಿ ಖಾನೆಗೆ, ಇನ್ನೊಂದು ತುದಿ ಬಯಲಿಗೆ. ಎರಡೂ ಕಡೆ ನೀರಿನ ಎತ್ತರದ ಫರಕು 70 ಸೆಂಟಿಮೀಟರ್ ಬಂದ ಕೂಡಲೆ ವಾಲ್ವ್ ಬಂದ್. ಪಾಂಟೂನ್ ಪೂರ್ತಿ ಮುಳುಗಿದ್ರೂ ತಳಕ್ಕ ಬೀಳೂ ಒತ್ತಡ ಅಷ್ಟ, ಅದಕ್ಕಿಂತ ಜಾಸ್ತಿ ಬ್ಯಾಡ. ಇಷ್ಟಕ್ಕನ ಒಂದು ಖಾನೆಯ ಮ್ಯಾಲಿನ ಪ್ಲೇಟಿಗೆ 840 ಕಿಲೋ ಬಲ ಬೀಳತೈತಿ, ಕಂಪ್ರೆಸರ್ ಪೂರ್ತಿ ಬಿಟ್ರ ಚಪ್ಪಟಿ ಪ್ಲೇಟ್ ಉಬ್ಬಿ ಹರೀತೈತಿ. ಆಮ್ಯಾಲ ಬ್ರಶ್ಶಿಲೆ ಸಾಬೂನು ನೀರು ಜಾಯಿಂಟಿಗೆ ಹಚ್ಚಿ ಗುಳ್ಳಿ ನೋಡೂದು. ಟೆಸ್ಟ್ ಬೆಳಿಗ್ಗೆ ನೆರಳಾಗ ಮಾಡ್ರಿ, ಯಾಕಂದ್ರ ಒಳಗಿನ ಗಾಳಿ 20 ಡಿಗ್ರಿ ಕಾದ್ರ ಅದ ಒಂದರಿಂದನ ಒತ್ತಡ ಹತ್ರ ಹತ್ರ 70 ಸೆಂಟಿಮೀಟರ್ ಏರತೈತಿ, ಸಣ್ಣ ಲೀಕಿನಿಂದ ಒತ್ತಡ ಇಳದ್ರೂ ಪೈಪಿನ್ಯಾಗ ಗೊತ್ತಾಗಂಗಿಲ್ಲ.

ಪೇಂಟಿಗೆ ಮೊದಲ ಸ್ಯಾಂಡ್ ಬ್ಲಾಸ್ಟಿಂಗ್, ಆಮ್ಯಾಲ ಇಪಾಕ್ಸಿ ಪ್ರೈಮರ್, ಇಪಾಕ್ಸಿ ಕೋಟ್. ಕೋಲ್ ಟಾರ್ (ಕಲ್ಲಿದ್ದಲಿನ ಡಾಂಬರು) ಕೂಡಿಸಿದ ಇಪಾಕ್ಸಿ ಗಟ್ಟಿ ಐತಿ ಖರೆ, ಆದ್ರ ಈ ನೀರು ದನ ಕುಡೀತಾವ, ಅದಕ್ಕ ಬಿಟ್ಟೆ. ಸಮುದ್ರದಾಗ ಜಿಂಕ್ ಆನೋಡ್ (ಉಕ್ಕಿನ ಬದಲಿ ತಾನ ಸವೆಯೂ ಲೋಹದ ತುಂಡು) ಹಾಕತಾರ, ಸಿಹಿ ನೀರಾಗ ಅದು ಸರಿಯಾಗಿ ಕೆಲಸ ಮಾಡಂಗಿಲ್ಲ, ಮೆಗ್ನೀಷಿಯಂ ಬೇಕು. ಗೀಸರಿನ ಒಳಗ ಇರೂ ರಾಡ್ ಅದ, ಸ್ಪೇರ್ ಪಾರ್ಟ್ಸ್ ಅಂಗಡ್ಯಾಗ ಸಿಗತೈತಿ, ಪ್ರತಿ ಪಾಂಟೂನಿಗೆ ತಳದಾಗ ಬೋಲ್ಟ್ ಮಾಡೀವಿ, ಸವದ ಮ್ಯಾಲ ಬದಲಿ ಮಾಡಾಕ ಬರೂವಂಗ.

ಹೈಡ್ರಾ ಕ್ರೇನಿನಿಂದ ನೀರಿಗೆ ಇಳಿಸಿದ್ವಿ, ಅದೇನು ತಾಸಿನ ಕೆಲಸ. ಲಂಗರಿಗೆ ದಂಡಿ ಮ್ಯಾಲ ಕಂಬ ನೆಡಲಿಲ್ಲ, ಎರಿ ಮಣ್ಣು ಬ್ಯಾಸಿಗ್ಯಾಗ ಬಿರದು ಕಂಬ ವಾಲತಾವ. ನಾಕೂ ಮೂಲಿಗೆ ಸರಪಳಿ, ತಳದಾಗ ಕಾಂಕ್ರೀಟ್ ಬ್ಲಾಕ್. ತಾಸಿಗೆ 72 ಕಿಲೋಮೀಟರ್ ಗಾಳಿ ಮನಿಯ ಉದ್ದ ಬದಿಗೆ ಬಡದ್ರ 400 ಕಿಲೋಕ್ಕಿಂತ ಜಾಸ್ತಿ ಜಗ್ಗತೈತಿ, ಮತ್ತ ಕಾಂಕ್ರೀಟ್ ನೀರಾಗ ಮುಳುಗಿದ ಮ್ಯಾಲ ತನ್ನ ಭಾರದಾಗ ಸುಮಾರು 40 ಪರ್ಸೆಂಟ್ ಕಳಕೊಳ್ಳತೈತಿ, ಎರಡನ್ನೂ ಹಿಡದು ಬ್ಲಾಕ್ ಸೈಜ್ ಮಾಡಬೇಕು.

ಈಗ ಗೆಳೆಯಾರಿಗೆ ಹೇಳಿದ್ದು ಇಷ್ಟ: ತಿಂಗಳಿಗೊಮ್ಮೆ ಪ್ಲಗ್ ತಗದು ಕೋಲು ಬಿಟ್ಟು ನೋಡ್ರಿ, ಕೋಲು ಹಸಿ ಬಂದ್ರ ನನಗ ಫೋನ್ ಹಚ್ಚರಿ. ನೀರು ಇಳಿಯಾಕ ಹತ್ತಿದ್ರ ಸರಪಳಿ ಸಡಲ ಮಾಡಿ ಮನಿಯನ್ನ ಹೊಂಡದ ಆಳ ಇರೂ ಕಡೆ ಸರಿಸ್ರಿ, ಯಾಕಂದ್ರ ಎರಿ ಕೆಸರಿನ್ಯಾಗ ಚಪ್ಪಟಿ ತಳ ಅಂಟಿಕೊಂಡ್ರ ಮಳಿ ನೀರು ಬಂದ ಮ್ಯಾಲೂ ಒಂದು ಕಡೆ ಬಿಟ್ಟು ಒಂದು ಕಡೆ ಹಿಡಕೋತೈತಿ, ಆಗ ಅದನ್ನ ಬಿಡಿಸೂದು ಭಾಳ ತ್ರಾಸಿನ ಕೆಲಸ.