ನೌಕಾಪಡೆಯ ಸ್ಕಾಲರ್‌ಶಿಪ್‌ಗೆ ಮೇಜರ್ ಆರಿಸಿದ ಬಗೆ

ಕಾಲೇಜು ವಿದ್ಯಾರ್ಥಿಗಳನ್ನು ನೌಕಾಪಡೆಯ ಅಧಿಕಾರಿಗಳಾಗಿ ತಯಾರು ಮಾಡುವ ಅಮೆರಿಕದ ಎನ್‌ಆರ್‌ಒಟಿಸಿ ತರಬೇತಿಯ ಸ್ಕಾಲರ್‌ಶಿಪ್ ಸಿಕ್ಕರೆ ಕಾಲೇಜಿನ ಪೂರ್ತಿ ಬೋಧನಾ ಶುಲ್ಕವನ್ನು ನೌಕಾಪಡೆಯೇ ಕಟ್ಟುತ್ತದೆ. ಪುಸ್ತಕಗಳಿಗೆ ವರ್ಷಕ್ಕೆ 750 ಡಾಲರ್, ಕೈಖರ್ಚಿಗೆ ತಿಂಗಳಿಗೆ ಮೊದಲ ವರ್ಷ 250, ಕೊನೆಯ ವರ್ಷ 400 ಡಾಲರ್ ಕೊಡುತ್ತದೆ. ಊಟ, ವಸತಿಯ ಖರ್ಚು ಮನೆಯವರದೇ. ಬದಲಿಗೆ ಪದವಿಯ ನಂತರ ನೇವಿ ಆಪ್ಷನ್‌ನವರು, ಅಂದರೆ ನೌಕಾಪಡೆಗೇ ಸೇರುವ ವಿಭಾಗ ಆರಿಸಿಕೊಂಡವರು, ಐದು ವರ್ಷ ಅಧಿಕಾರಿಯಾಗಿ ಸೇವೆ ಸಲ್ಲಿಸಬೇಕು. ಅರ್ಜಿ ಹಾಕುವವರು ಅಮೆರಿಕದ ಪ್ರಜೆಗಳಾಗಿರಬೇಕು, ಗ್ರೀನ್ ಕಾರ್ಡ್ ಸಾಲದು. ಇನ್ನೊಂದು ಮಾತು ನಮ್ಮ ಕನ್ನಡ ಕುಟುಂಬಗಳಿಗೆ ಮೊದಲೇ ತಿಳಿದಿರಲಿ: ವಿದೇಶಿ ಸೇನೆಯಲ್ಲಿ ಇರುವವರಿಗೆ, ಅಲ್ಲಿಂದ ನಿವೃತ್ತರಾದವರಿಗೆ ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ಸಿಗುವ ಓಸಿಐ ಕಾರ್ಡನ್ನು ಭಾರತ ಕೊಡುವುದಿಲ್ಲ.

ಮಗಳ ಅರ್ಜಿಯಲ್ಲಿ ನಾವು ಹೆಚ್ಚು ಸಮಯ ಕೊಟ್ಟದ್ದು ಮೇಜರ್, ಅಂದರೆ ಪದವಿಯ ಮುಖ್ಯ ವಿಷಯ, ಯಾವುದೆಂದು ಬರೆಯುವ ಜಾಗಕ್ಕೆ. ನೇವಿ ಎಲ್ಲ ಮೇಜರ್‌ಗಳನ್ನೂ ಮೂರು ಟಿಯರ್‌ಗಳಾಗಿ (ಶ್ರೇಣಿಗಳಾಗಿ) ವಿಂಗಡಿಸಿದೆ. ಎಲೆಕ್ಟ್ರಿಕಲ್, ಮೆಕ್ಯಾನಿಕಲ್, ಏರೋಸ್ಪೇಸ್, ಕೆಮಿಕಲ್, ನ್ಯೂಕ್ಲಿಯರ್ ಎಂಜಿನಿಯರಿಂಗ್, ಹಡಗು ವಿನ್ಯಾಸ ಇವೆಲ್ಲ ಒಂದನೇ ಟಿಯರ್. ಗಣಿತ, ಭೌತವಿಜ್ಞಾನ, ರಸಾಯನವಿಜ್ಞಾನ, ಜೀವವಿಜ್ಞಾನ ಎರಡನೆಯದು. ಅರ್ಥಶಾಸ್ತ್ರ, ಇತಿಹಾಸ, ರಾಜ್ಯಶಾಸ್ತ್ರದಂಥವು ಮೂರನೆಯದು. ನೇವಿ ಆಪ್ಷನ್‌ನ ಸ್ಕಾಲರ್‌ಶಿಪ್‌ಗಳಲ್ಲಿ ಶೇಕಡಾ 85ರಷ್ಟು ಮೊದಲ ಎರಡು ಟಿಯರ್‌ಗೆ ಹೋಗುತ್ತವೆ. ಪಟ್ಟಿ ಆಗಾಗ ಬದಲಾಗುವುದರಿಂದ ಅರ್ಜಿ ಹಾಕುವ ವರ್ಷದ್ದನ್ನೇ ನೋಡಬೇಕು. ಹೆಸರು ಒಂದೇ ತರಹ ಕಂಡರೂ ಎಂಜಿನಿಯರಿಂಗ್ ಟೆಕ್ನಾಲಜಿ ಬೇರೆ, ಎಂಜಿನಿಯರಿಂಗ್ ಬೇರೆ.

ಈ 85ರ ಲೆಕ್ಕ ನೋಡಿ, ಇಷ್ಟವಿರಲಿ ಬಿಡಲಿ, ಒಂದನೇ ಟಿಯರ್ ಬರೆದು ಸ್ಕಾಲರ್‌ಶಿಪ್ ಗಿಟ್ಟಿಸಿಕೊಂಡು ಆಮೇಲೆ ಬದಲಾಯಿಸಿದರಾಯಿತು ಎಂದು ಸಲಹೆ ಕೊಡುವವರು ಬಹಳ ಜನ ಸಿಗುತ್ತಾರೆ. ಅದನ್ನು ಖಂಡಿತ ಕೇಳಬೇಡಿ. ಮೇಜರ್ ಬದಲಿಸಲು ನೇವಿಯ ಅನುಮತಿ ಬೇಕು. ಒಂದರಿಂದ ಎರಡಕ್ಕೆ ಇಳಿಯುವುದು ಆದೀತು. ಮೂರಕ್ಕೆ ಇಳಿದರೆ ಸ್ಕಾಲರ್‌ಶಿಪ್ಪೇ ಕೈತಪ್ಪಬಹುದು. ಮೂರನೇ ಟಿಯರ್‌ಗೆ ಹೋದರೆ ಗಣಿತದ ಕಾಟ ತಪ್ಪುತ್ತದೆ ಎನ್ನುವುದೂ ಸುಳ್ಳು. ನೇವಿ ಆಪ್ಷನ್‌ನಲ್ಲಿ ಇತಿಹಾಸ ಓದುವವರೂ ಎರಡನೇ ವರ್ಷ ಮುಗಿಯುವುದರೊಳಗೆ ಎರಡು ಸೆಮಿಸ್ಟರ್ ಕ್ಯಾಲ್ಕುಲಸ್, ಮೂರನೇ ವರ್ಷ ಮುಗಿಯುವುದರೊಳಗೆ ಕ್ಯಾಲ್ಕುಲಸ್ ಆಧಾರಿತ ಭೌತವಿಜ್ಞಾನ ಎರಡು ಸೆಮಿಸ್ಟರ್ ಮುಗಿಸಲೇಬೇಕು. ಇವು ಬೇಡ ಎನ್ನುವ ಮಕ್ಕಳಿಗೆ ಮರೀನ್ ಕೋರ್ ಎಂಬ ಪಡೆಗೆ ಸೇರುವ ಮರೀನ್ ಆಪ್ಷನ್ ಇದೆ. ಅಲ್ಲಿ ಮೇಜರ್‌ಗೆ ಟಿಯರ್ ಇಲ್ಲ, ಈ ಎರಡು ವಿಷಯಗಳ ಕಡ್ಡಾಯವೂ ಇಲ್ಲ. ಆದರೆ ಆ ಸೇವೆಯ ಸ್ವರೂಪವೇ ಬೇರೆ, ಗಣಿತ ತಪ್ಪಿಸಿಕೊಳ್ಳಲು ಹೋಗುವ ಜಾಗವಲ್ಲ ಅದು.

ನಾವು ಅನುಸರಿಸಿದ ಕ್ರಮ ಹೀಗಿತ್ತು. ಪಟ್ಟಿಗೆ ಸೇರಿಸಿದ ಪ್ರತಿ ಕಾಲೇಜಿನ ಕ್ಯಾಟಲಾಗ್ ತೆರೆದು, ಆ ಮೇಜರ್‌ನ ಎಂಟು ಸೆಮಿಸ್ಟರ್‌ಗಳ ಪಾಠಗಳನ್ನು ಒಂದು ಹಾಳೆಯಲ್ಲಿ ಬರೆದೆವು. ಅದರ ಪಕ್ಕದಲ್ಲೇ ಎನ್‌ಆರ್‌ಒಟಿಸಿಯವರು ಓದಬೇಕಾದ ನೇವಲ್ ಸೈನ್ಸ್‌ನ ಪಾಠಗಳನ್ನು ಸೇರಿಸಿದೆವು: ನೌಕಾ ಇತಿಹಾಸ, ನ್ಯಾವಿಗೇಷನ್, ಹಡಗಿನ ಯಂತ್ರಗಳು, ಶಸ್ತ್ರವ್ಯವಸ್ಥೆ, ನಾಯಕತ್ವ ಇತ್ಯಾದಿ. ಸಾಮಾನ್ಯವಾಗಿ ಸೆಮಿಸ್ಟರ್‌ಗೆ ಒಂದು. ಎಂಜಿನಿಯರಿಂಗ್ ಪದವಿಗೆ 128 ಕ್ರೆಡಿಟ್ ಬೇಕು, ನೇವಲ್ ಸೈನ್ಸ್‌ನದು ಇನ್ನೊಂದು 20 ಎಂದಿಟ್ಟುಕೊಳ್ಳಿ. ಒಟ್ಟು 148, ಅಂದರೆ ಸೆಮಿಸ್ಟರ್‌ಗೆ 18.5. ಇದು ಭಾರಿ ಹೊರೆ. ಹೈಸ್ಕೂಲಿನಲ್ಲೇ ಬರೆಯುವ ಕಾಲೇಜು ಮಟ್ಟದ ಎಪಿ ಪರೀಕ್ಷೆಗಳಿಂದ 12 ಕ್ರೆಡಿಟ್ ಸಿಕ್ಕರೆ 17ಕ್ಕೆ ಇಳಿಯುತ್ತದೆ, ಉಸಿರಾಡಬಹುದು. ನೇವಲ್ ಸೈನ್ಸ್‌ನಲ್ಲಿ ಎಷ್ಟು ಕ್ರೆಡಿಟ್‌ಗಳನ್ನು ಎಂಜಿನಿಯರಿಂಗ್ ವಿಭಾಗ ಐಚ್ಛಿಕ ವಿಷಯವಾಗಿ ಒಪ್ಪುತ್ತದೆ ಎನ್ನುವುದು ಕಾಲೇಜಿನಿಂದ ಕಾಲೇಜಿಗೆ ಬೇರೆ. ಹಾಗಾಗಿ ಒಂದೇ ಮೇಜರ್ ಒಂದು ಕಡೆ ನಾಲ್ಕು ವರ್ಷದಲ್ಲಿ ಮುಗಿದರೆ ಇನ್ನೊಂದು ಕಡೆ ಮುಗಿಯುವುದಿಲ್ಲ.

ಆ ಹಾಳೆಯಲ್ಲಿ ಗಮನವಿಟ್ಟು ನೋಡಬೇಕಾದದ್ದು ಒಂದರ ಹಿಂದೆ ಒಂದು ಬರುವ ಪಾಠಗಳ ಸರಪಳಿ. ಮೊದಲ ಕ್ಯಾಲ್ಕುಲಸ್ ಆಗದೆ ಭೌತವಿಜ್ಞಾನವಿಲ್ಲ, ಭೌತವಿಜ್ಞಾನವಾಗದೆ ಸ್ಟ್ಯಾಟಿಕ್ಸ್ ಇಲ್ಲ, ಸ್ಟ್ಯಾಟಿಕ್ಸ್ ಆಗದೆ ಡೈನಮಿಕ್ಸ್ ಇಲ್ಲ. ಇವುಗಳಲ್ಲಿ ಒಂದು ಪಾಠ ವರ್ಷಕ್ಕೊಮ್ಮೆ ಮಾತ್ರ ನಡೆಯುವಂಥದ್ದಾಗಿದ್ದು, ಅದು ಕೈತಪ್ಪಿದರೆ ಇಡೀ ವರ್ಷ ಹಿಂದೆ ಬೀಳುತ್ತಾರೆ. ಸ್ಕಾಲರ್‌ಶಿಪ್ ಇರುವುದು ನಾಲ್ಕು ವರ್ಷಕ್ಕೆ. ಐದನೇ ವರ್ಷಕ್ಕೂ ಹಣ ಬರುತ್ತದೆಂದು ನಂಬಿ ಯೋಜನೆ ಹಾಕಬಾರದು. ವಾರಕ್ಕೊಂದು ಹೊತ್ತಿನ ಡ್ರಿಲ್ ಯಾವ ದಿನ, ಯಾವ ಸಮಯ ಎಂದು ಕಾಲೇಜಿನ ಎನ್‌ಆರ್‌ಒಟಿಸಿ ಯೂನಿಟ್‌ಗೆ ಫೋನ್ ಮಾಡಿ ಕೇಳಿ. ಅದೇ ಹೊತ್ತಿಗೆ ಕೆಮಿಸ್ಟ್ರಿ ಲ್ಯಾಬ್ ಬಿದ್ದರೆ ಎರಡರಲ್ಲೊಂದನ್ನು ಮುಂದೂಡುವ ಪಾಡು.

ಸ್ಕಾಲರ್‌ಶಿಪ್ ಬೇರೆ, ಕಾಲೇಜಿನ ಪ್ರವೇಶ ಬೇರೆ ಎನ್ನುವುದನ್ನು ಬಹಳ ಮಂದಿ ಗಮನಿಸುವುದಿಲ್ಲ. ನೇವಿ ಒಪ್ಪಿದರೂ ಎಂಜಿನಿಯರಿಂಗ್ ವಿಭಾಗದಲ್ಲಿ ಸೀಟು ಕೊಡಬೇಕಾದವರು ಕಾಲೇಜಿನವರು. ಪರ್ಡ್ಯೂನಂಥ ಕಡೆ ಮೊದಲ ವರ್ಷ ಎಲ್ಲರಿಗೂ ಒಂದೇ, ಆಮೇಲೆ ಶಾಖೆ ಹಂಚಿಕೆ. ಮೊದಲ ಆಯ್ಕೆಯ ಶಾಖೆ ಸಿಗದಿದ್ದರೆ ಯಾವುದು ಸಿಗುತ್ತದೆ, ಅದು ಯಾವ ಟಿಯರ್ ಎಂದು ಅರ್ಜಿ ಹಾಕುವಾಗಲೇ ನೋಡಿಟ್ಟುಕೊಳ್ಳಬೇಕು.

ನಮ್ಮವರಲ್ಲಿ ಸಾಮಾನ್ಯವಾಗಿ ಕೇಳಿಬರುವ ಲೆಕ್ಕಾಚಾರವೆಂದರೆ ಬಯಾಲಜಿ ಬರೆದು, ನೇವಿ ಖರ್ಚಿನಲ್ಲಿ ಓದಿ, ಮುಂದೆ ಡಾಕ್ಟರ್ ಆಗುವುದು. ನೇವಿ ಆಪ್ಷನ್ ಇರುವುದು ಹಡಗು, ಸಬ್‌ಮರೀನ್, ವಿಮಾನಗಳ ಅಧಿಕಾರಿಗಳಿಗಾಗಿ. ಅಲ್ಲಿಂದ ನೇರವಾಗಿ ಮೆಡಿಕಲ್‌ಗೆ ಬಿಡುವುದು ಬಹಳ ಕಡಿಮೆ. ವೈದ್ಯರಾಗಲು ಎಚ್‌ಪಿಎಸ್‌ಪಿ ಎಂಬ ಪ್ರತ್ಯೇಕ ಸ್ಕಾಲರ್‌ಶಿಪ್ ಇದೆ, ಅದು ಮೆಡಿಕಲ್ ಕಾಲೇಜಿನ ಹಂತದ್ದು. ನರ್ಸಿಂಗ್‌ಗೂ ಬೇರೆಯೇ ಆಪ್ಷನ್ ಇದೆ.

ಉಳಿದ ಎರಡು ಪಡೆಗಳ ಬಗ್ಗೆ ಇಷ್ಟು ಸಾಕು. ಏರ್‌ಫೋರ್ಸ್ ಕೂಡ ತಾಂತ್ರಿಕ ಮೇಜರ್‌ಗಳ ಕಡೆಗೇ ವಾಲುತ್ತದೆ. ಆರ್ಮಿ ಹೆಚ್ಚುಕಡಿಮೆ ಎಲ್ಲ ಮೇಜರ್‌ಗಳನ್ನೂ ಒಪ್ಪುತ್ತದೆ, ಆದರೆ 104-ಆರ್ ಎಂಬ ಫಾರ್ಮ್‌ನಲ್ಲಿ ಪದವಿ ಮುಗಿಯುವ ತನಕದ ಪಾಠಗಳ ಯೋಜನೆ ಬರೆಸಿಕೊಳ್ಳುತ್ತದೆ.

ನೇವಿ ಆಪ್ಷನ್‌ಗೆ ಸೇರಿದ ಮೇಲೆ ಒಂದು ಗಡುವು ನೆನಪಿರಲಿ. ಮೊದಲ ವರ್ಷದೊಳಗೆ ಬಿಟ್ಟು ಬಂದರೆ ಸೇವೆಯ ಸಾಲವೂ ಇಲ್ಲ, ಹಣದ ಸಾಲವೂ ಇಲ್ಲ. ಎರಡನೇ ವರ್ಷ ಶುರುವಾದ ದಿನದಿಂದ ಬಿಡುವಂತಿಲ್ಲ: ಬಿಟ್ಟರೆ ಹಣ ಮರಳಿಸಬೇಕಾಗಬಹುದು, ಇಲ್ಲವೇ ಸಾಮಾನ್ಯ ನಾವಿಕರಾಗಿ ದುಡಿಯಬೇಕಾಗಬಹುದು. ಆದ್ದರಿಂದ ಮೇಜರ್ ಹೊಂದುತ್ತಿಲ್ಲ ಅನ್ನಿಸಿದರೆ ಮೊದಲ ವರ್ಷದ ಎರಡನೇ ಸೆಮಿಸ್ಟರ್‌ನಲ್ಲೇ, ಪಾಠಗಳ ಹಾಳೆ ಹಿಡಿದು ಯೂನಿಟ್‌ನ ಸಲಹೆಗಾರ ಅಧಿಕಾರಿಯ ಮುಂದೆ ಕೂರಬೇಕು. ಹೊಸ ಮೇಜರ್‌ನ ಹಾಳೆಯನ್ನೂ ಎಂಟು ಸೆಮಿಸ್ಟರ್‌ಗಳಿಗೆ ಪೂರ್ತಿ ಬರೆದು ಕೊಂಡೊಯ್ದರೆ ಅನುಮತಿಯ ಮಾತು ಬೇಗ ಮುಂದುವರಿಯುತ್ತದೆ.